ಅಂಕಣವೂ ಪಂಚರೂ



ಬೇಸಿಗೆಯಲ್ಲಿ ಮಲಪ್ರಭೆಯ ನೀರಿಳಿದು ರಾಮದುರ್ಗದ ಬದಿಯ ಮಳಲು ಮೇಲೆದ್ದಾಗ, ಅದರ ಮೇಲೆ ಹಿಮ್ಮಡಿಯಿಂದ ಗೆರೆ ಕೊರೆದು ಹುತುತು ಆಡಿ ಬೆಳೆದ ಪೀಳಿಗೆಗೆ ಸೇರಿದವನು ನಾನು. ಎದುರಿನ ಪಾಳೆಯಕ್ಕೆ ನುಗ್ಗಿದವನು ಉಸಿರು ಕಡಿಯದೆ ಆ ಒಂದು ಶಬ್ದವನ್ನೇ ನುಡಿಯುತ್ತಿರಬೇಕೆಂಬ ಕಟ್ಟಳೆ ಏತಕ್ಕೆಂದು ಆಗ ನಾವಾರೂ ವಿಚಾರಿಸಿದವರಲ್ಲ. ದಮ್ಮು ಹಿಡಿದ ಬಾಯಿಗೆ ಬೈಯಲು ತೆರಪಿಲ್ಲವೆಂಬುದು ನನಗೆ ಹೊಳೆದದ್ದು ಮುಪ್ಪಿನಲ್ಲಿ. ಹಾಗೆಯೇ, ಔಟಾಗಿ ಗೆರೆಯಾಚೆ ಕುಳಿತವನಿಗೆ ಮರಳಿ ಜೀವ ಬರಬೇಕಾದರೆ ಒಳಗುಳಿದ ಸಂಗಡಿಗನು ಎದುರಾಳಿಯೊಬ್ಬನನ್ನು ಕೆಡವಲೇಬೇಕಾದುದರಿಂದ, ಬೆಳಗ್ಗೆ ಶಾಲೆಯಲ್ಲಿ ಯಾರೊಡನೆ ಜಗಳವಾಡಿದ್ದೆವೋ ಅವನ ಹೆಸರನ್ನೇ ಸಂಜೆ ಗಂಟಲು ಹರಿಯುವಂತೆ ಕೂಗಿ ಹುರಿದುಂಬಿಸುತ್ತಿದ್ದೆವು. ಅದು ನಮ್ಮ ಔದಾರ್ಯವೆಂದು ಬಹುಕಾಲ ಭ್ರಮಿಸಿದ್ದೆನು. ವಾಸ್ತವವಾಗಿ ಅದು ಆ ಆಟವನ್ನು ಕಟ್ಟಿದವರ ಜಾಣ್ಮೆ.

ಗರಡಿಯ ಮಾತೂ ಅಷ್ಟೆ. ಬೆನ್ನು ಮಣ್ಣಿಗೆ ಹತ್ತಿದೊಡನೆ ಕುಸ್ತಿ ಮುಗಿಯಿತೆಂಬ ನಿಯಮವಿರುವಲ್ಲಿ ಬಿದ್ದವನನ್ನು ಇನ್ನಷ್ಟು ತುಳಿಯುವುದರಿಂದ ಯಾವ ಪ್ರಯೋಜನವೂ ಇಲ್ಲ. ಮೇಲಾಗಿ ಅಖಾಡದ ಅಂಚಿನಲ್ಲಿ ನಿಂತ ಪಂಚರು ಇಬ್ಬರು ಪೈಲವಾನರ ಅಪ್ಪಂದಿರನ್ನೂ ಉಸ್ತಾದರನ್ನೂ ಬಲ್ಲವರು. ಅಂಕಣವನ್ನು ಕಟ್ಟುವ ಬಗೆಯೊಂದು, ಅದರ ಮೇಲೆ ಕಣ್ಣಿಡುವ ಬಗೆಯೊಂದು. ಆಟಗಾರನ ಹುಟ್ಟುಗುಣವೆಂದು ನಾವು ನಿಂದಿಸುವುದರಲ್ಲಿ ಬಹುಪಾಲು ಈ ಎರಡರ ಫಲವೆಂಬುದು ನನ್ನ ಅರಿಕೆ.

ಈಗ ಅದೇ ಊರಿನ ಕಟ್ಟೆಗಳ ಮೇಲೆ ತರುಣರು ತಲೆ ಬಾಗಿಸಿ ಕುಳಿತು ಆಡುವ ಆಟವನ್ನು ಅವರು ಬಿಜಿಎಮ್‌ಐ ಎನ್ನುತ್ತಾರೆ, ಹಿರಿಯರು ಪಬ್ಜಿ ಎಂದು ಶಪಿಸುತ್ತಾರೆ. ನೂರು ಮಂದಿ ಆಕಾಶದಿಂದ ಒಂದು ದ್ವೀಪಕ್ಕೆ ಇಳಿಯುತ್ತಾರೆ. ಸುರಕ್ಷಿತ ವಲಯವು, ಅವರ ಮಾತಿನಲ್ಲಿ ‘ಝೋನು’, ಕ್ಷಣಕ್ಷಣಕ್ಕೂ ಕುಗ್ಗುತ್ತ, ಮೂಲೆಯಲ್ಲಿ ಅಡಗಿ ಕುಳಿತ ಸಾಧುಪ್ರಾಣಿಯನ್ನೂ ಹೊರಗೆಳೆದು ಪರರ ಎದುರಿಗೆ ನಿಲ್ಲಿಸುತ್ತದೆ. ಅಲ್ಲಿಯ ಕಲಹವು ಹುಡುಗನ ಸ್ವಭಾವದಿಂದ ಹುಟ್ಟಿದುದಲ್ಲ, ಆ ವರ್ತುಲದಿಂದ ಹುಟ್ಟಿದುದು. ಆದರೆ ಅದೇ ಆಟದಲ್ಲಿ ನಾಲ್ವರ ಸ್ಕ್ವಾಡಿನವನೊಬ್ಬನು ಗುಂಡು ತಗುಲಿ ಬಿದ್ದರೆ, ಸಂಗಡಿಗನು ತನ್ನ ಪ್ರಾಣವನ್ನು ಪಣಕ್ಕೊಡ್ಡಿ ಓಡಿಬಂದು, ಪಕ್ಕದಲ್ಲಿ ಕೆಲವು ಕ್ಷಣ ಕುಳಿತು, ಅವನನ್ನು ಮೇಲೆಬ್ಬಿಸಬಹುದು. ‘ರಿವೈವ್ ಮಾಡಲೇ’ ಎಂಬ ಕೂಗು ಕೇಳಿದಾಗಲೆಲ್ಲ ನನಗೆ ಮಳಲಿನ ಮೇಲಣ ‘ಜೀವ’ ನೆನಪಾಗುತ್ತದೆ.

ಇನ್ನು ಬಾಯಿಯ ವಿಚಾರ. ಲೀಗ್ ಆಫ್ ಲೆಜೆಂಡ್ಸ್ ಎಂಬ ಪ್ರಸಿದ್ಧ ಆಟದಲ್ಲಿ ಎದುರಾಳಿಗಳ ನಡುವಣ ಬೈಗುಳವು ಮಿತಿಮೀರಿದಾಗ, ಅದನ್ನು ನಿರ್ಮಿಸಿದ ರಾಯಟ್ ಗೇಮ್ಸ್ ಸಂಸ್ಥೆಯವರು ಯಾರನ್ನೂ ಹೊರಹಾಕದೆ, ಯಾವ ಮಾತನ್ನೂ ನಿಷೇಧಿಸದೆ, ಎದುರು ತಂಡದೊಡನೆ ಹರಟುವ ಕಿಟಕಿಯನ್ನು ಮೊದಲಿಗೆ ಮುಚ್ಚಿಟ್ಟು, ಬೇಕಾದವರು ತೆರೆದುಕೊಳ್ಳಲೆಂದು ಬಿಟ್ಟರು. ಕೆಟ್ಟ ಮಾತು ಸುಮಾರು ಮೂರನೆಯ ಒಂದು ಪಾಲು ಇಳಿಯಿತು, ಒಳ್ಳೆಯ ಮಾತು ಹೆಚ್ಚುಕಡಿಮೆ ಅಷ್ಟೇ ಏರಿತು. 2012ರಲ್ಲಿ ಬಂದ ಜರ್ನಿ ಎಂಬ ಆಟದಲ್ಲಿಯೋ ಮಾತೇ ಇಲ್ಲ, ಒಂದು ಸ್ವರ ಮಾತ್ರ. ಒಬ್ಬರನ್ನೊಬ್ಬರು ನೂಕುವ ಶಕ್ತಿಯನ್ನು ಮೊದಲು ಕೊಟ್ಟು ನೋಡಿದಾಗ ಜನರು ನೂಕಾಟಕ್ಕೇ ತೊಡಗಿದುದರಿಂದ, ಶಿಲ್ಪಿಗಳು ಆ ಶಕ್ತಿಯನ್ನೇ ಹಿಂತೆಗೆದರು. ಹಾಗೆಂದು ಬಾಯಿಗೆ ಬೀಗ ಹಾಕಿದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದೆಂದು ನಂಬಬೇಡಿರಿ. ಹಾರ್ತ್‌ಸ್ಟೋನ್ ಎಂಬ ಎಲೆಯಾಟದಲ್ಲಿ ಆಡಲು ಕೊಟ್ಟಿದ್ದ ಕೆಲವೇ ಮಾತುಗಳಲ್ಲಿ ‘ಕ್ಷಮಿಸಿ’ ಎಂಬುದೂ ಒಂದಾಗಿತ್ತು. ಗೆಲ್ಲುತ್ತಿರುವವನು ಅದನ್ನೇ ಚುಚ್ಚುಮಾತಾಗಿ ಬಳಸತೊಡಗಲು, 2016ರಲ್ಲಿ ಆ ಕ್ಷಮೆಯನ್ನೇ ತೆಗೆದುಹಾಕಬೇಕಾಯಿತು!

ಪಂಚರ ಕೆಲಸವೋ ಇನ್ನೂ ಸೂಕ್ಷ್ಮ. ಕೋಟ್ಯಂತರ ಜನರ ಅಂಕಣದಲ್ಲಿ ಪಂಚನು ಮನುಷ್ಯನಾಗಿರಲಾರನೆಂದು ಯಂತ್ರವನ್ನು ಕೂರಿಸಿದ್ದಾರೆ. ನಮ್ಮ ಕಡೆ ‘ಏನಲೇ ಮಗನ’ ಎಂಬುದು ಗೆಳೆಯನ ಹೆಗಲ ಮೇಲಣ ಕೈಯೂ ಹೌದು, ಅದೇ ಮಾತು ಬೇರೊಂದು ಧಾಟಿಯಲ್ಲಿ ಕಪಾಳಕ್ಕೆ ಬಿದ್ದ ಏಟೂ ಹೌದು; ಬೈಲಹೊಂಗಲದ ಹುಡುಗನು ಸವದತ್ತಿಯವನಿಗೆ ಹೇಳಿದ ಈ ಮಾತು ಎರಡರಲ್ಲಿ ಯಾವುದೆಂದು ಪದಗಳ ಪಟ್ಟಿಯನ್ನು ಹಿಡಿದು ಕುಳಿತ ಯಂತ್ರವು ತಿಳಿಯುವ ಬಗೆ ಹೇಗೆ? ಅದರ ಮೇಲೆ ಕನ್ನಡದ ಬೈಗುಳವನ್ನು ಇಂಗ್ಲಿಷ್ ಅಕ್ಷರದಲ್ಲಿ ಹತ್ತು ವಿಧವಾಗಿ ಬರೆಯುವ ಪ್ರತಿಭೆ ನಮ್ಮ ತರುಣರಲ್ಲಿ ಧಾರಾಳವಾಗಿದೆ. ರಾಯಟ್ ಸಂಸ್ಥೆಯ ಅನುಭವದಿಂದ ತಿಳಿದುಬಂದ ಇನ್ನೊಂದು ಸಂಗತಿಯನ್ನು ನಾನು ಬಹಳವಾಗಿ ಮೆಚ್ಚುತ್ತೇನೆ: ಕಾರಣ ಹೇಳದೆ ಶಿಕ್ಷಿಸಲ್ಪಟ್ಟವರಿಗಿಂತಲೂ, ಆಡಿದ ಮಾತನ್ನೇ ಮುಂದಿಟ್ಟು ಶಿಕ್ಷಿಸಲ್ಪಟ್ಟವರಲ್ಲಿ ತಿದ್ದಿಕೊಂಡವರ ಸಂಖ್ಯೆ ಹೆಚ್ಚು. ನಮ್ಮ ಪಂಚರು ತೀರ್ಪಿನೊಡನೆ ಕಾರಣವನ್ನೂ ಸಾರುತ್ತಿದ್ದುದು ಇದಕ್ಕೇ ಇರಬೇಕು.

ಸರಕಾರವು ಅಂಕಣದ ಬಾಗಿಲನ್ನೇ ಹಾಕಬಲ್ಲುದು. 2020ರ ಸೆಪ್ಟೆಂಬರಿನಲ್ಲಿ ಪಬ್ಜಿಯೂ ಸೇರಿ 118 ಆ್ಯಪ್‌ಗಳು ನಿಷಿದ್ಧವಾದವು; 2025ರ ಆಗಸ್ಟಿನಲ್ಲಿ ಹಣವಿಟ್ಟಾಡುವ ಆನ್‌ಲೈನ್ ಆಟಗಳನ್ನು ಸಂಸತ್ತು ದೇಶಾದ್ಯಂತ ನಿಷೇಧಿಸಿತು. ಜೂಜಿನ ಬಾಗಿಲು ಮುಚ್ಚಿದುದು ಯುಕ್ತವೇ. ಪಬ್ಜಿಯಾದರೋ 2021ರ ಜುಲೈಯಲ್ಲಿ ಹೊಸ ಹೆಸರಿನಿಂದ, ನೆತ್ತರಿಗೆ ಹಸುರು ಬಣ್ಣ ಬಳಿದುಕೊಂಡು, ಹದಿನೆಂಟು ತುಂಬದವರಿಗೆ ದಿನಕ್ಕೆ ಮೂರು ಗಂಟೆಯ ಮಿತಿಯನ್ನು ಹೊತ್ತು ಮರಳಿತು. ಹಸುರು ನೆತ್ತರಿನಿಂದ ಯಾರ ನಡತೆಯೂ ತಿದ್ದಿತೆಂದು ನನಗೆ ತೋರದು; ಮೂರು ಗಂಟೆಯ ಮಿತಿಯನ್ನು ಅಪ್ಪನ ಫೋನಿನಿಂದ ದಾಟುವ ಉಪಾಯವನ್ನಂತೂ ನಾನು ಹೇಳಿಕೊಡಬೇಕಾದುದಿಲ್ಲ.

ಆದುದರಿಂದ ಈ ಭಾಷಣವನ್ನು ಕೇಳುತ್ತಿರುವ ತಂದೆತಾಯಿಗಳಲ್ಲಿ ಒಂದು ವಿನಂತಿ. ಈ ಹೊತ್ತು ರಾತ್ರಿ ಮಗನ ಪಕ್ಕದಲ್ಲಿ ಕುಳಿತು, ಮೈಕನ್ನು ಯಾರಿಗೆ ತೆರೆದಿಟ್ಟಿರುವೆ, ಬೈದವನ ಮೇಲೆ ರಿಪೋರ್ಟ್ ಕೊಡುವುದು ಹೇಗೆ ಎಂದು ಅವನಿಂದಲೇ ಕೇಳಿ ತಿಳಿಯಿರಿ. ಊಟಕ್ಕೆ ಕರೆಯುವುದಾದರೆ ಅರ್ಧ ಗಂಟೆ ಮೊದಲೇ ಹೇಳಿರಿ. ಒಂದು ಮ್ಯಾಚಿಗೆ ಸುಮಾರು ಅಷ್ಟು ಹೊತ್ತು ಹಿಡಿಯುತ್ತದೆ, ನಡುವೆ ಫೋನು ಕಸಿದುಕೊಂಡರೆ ಉಳಿದ ಮೂವರ ಪಾಲಿಗೆ ಬಿದ್ದವರನ್ನು ಎಬ್ಬಿಸುವವನೊಬ್ಬನು ಕಡಿಮೆಯಾಗುತ್ತಾನೆ.