ಪಕ್ಕದ ಕುರ್ಚಿಯ ಮೇಷ್ಟರು

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವಯಸ್ಕರ ಶಿಕ್ಷಣಕ್ಕೆ ಹಳೆಯ ಇತಿಹಾಸವಿದೆ. 1856ರಲ್ಲೇ ಸ್ಯಾನ್ ಫ್ರಾನ್ಸಿಸ್ಕೋದ ಸೇಂಟ್ ಮೇರೀಸ್ ಚರ್ಚಿನ ನೆಲಮಾಳಿಗೆಯಲ್ಲಿ ಸಂಜೆಶಾಲೆ ಶುರುವಾಗಿತ್ತು. ಅಲ್ಲಿ ಪಾಠ ಹೇಳಿದ ಜಾನ್ ಸ್ವೆಟ್ ಮುಂದೆ ಇಡೀ ರಾಜ್ಯದ ಶಿಕ್ಷಣ ಇಲಾಖೆಯ ಮುಖ್ಯಸ್ಥರಾದರು.

ಇಂದು ಅಲ್ಲಿ ವಲಸೆ ಬಂದ ವಯಸ್ಕರಿಗಾಗಿ ನಡೆಯುವ ಎಷ್ಟೋ ಇಂಗ್ಲಿಷ್ ತರಗತಿಗಳಲ್ಲಿ ಶಿಕ್ಷಕರ ಜೊತೆ ಒಬ್ಬ ಸಹಾಯಕರಿರುತ್ತಾರೆ. ಬೋರ್ಡಿನ ಮುಂದೆ ನಿಲ್ಲುವವರಲ್ಲ. ಹಿಂದಿನ ಸಾಲಿನಲ್ಲಿ ತಡವರಿಸುವವರ ಪಕ್ಕ ಕುರ್ಚಿ ಎಳೆದುಕೊಂಡು ಕೂರುವವರು. ಶಾಲೆಯ ಮುಖವನ್ನೇ ನೋಡದ ಹೆಂಗಸಿಗೆ ಪೆನ್ಸಿಲ್ ಹಿಡಿಯುವುದರಿಂದಲೇ ಶುರು ಮಾಡಬೇಕು. ಆಕೆಯ ಮಗ್ಗುಲಲ್ಲೇ, ತಮ್ಮ ದೇಶದಲ್ಲಿ ಎಂಜಿನಿಯರ್ ಆಗಿದ್ದವರು ಫೋನಿನಲ್ಲಿ ಡಾಕ್ಟರ ಅಪಾಯಿಂಟ್‌ಮೆಂಟ್ ಕೇಳಲು ಬೆವರುತ್ತಿರುತ್ತಾರೆ. ಆಗ ಸಹಾಯಕರೇ ಆಸ್ಪತ್ರೆಯ ರಿಸೆಪ್ಷನಿಸ್ಟ್. ಹೆಸರೇನು? ಹುಟ್ಟಿದ ತಾರೀಖು? ಅಮೆರಿಕದಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಅಭ್ಯಾಸಬಲದಿಂದ ನಮ್ಮಂತೆ ಬರೆದರೆ ಮೇ 4 ಹೋಗಿ ಏಪ್ರಿಲ್ 5 ಆಗಿಬಿಡುತ್ತದೆ!

ನನ್ನನ್ನು ಕೇಳಿದರೆ, ಈ ಕೆಲಸದಲ್ಲಿ ಬಲು ಕಷ್ಟದ್ದು ಸುಮ್ಮನಿರುವುದು. ಉತ್ತರ ನಾಲಿಗೆಯ ತುದಿಗೆ ಬಂದಿದ್ದರೂ ತಡೆದುಕೊಳ್ಳಬೇಕು. ಎದುರಿನವರ ವಾಕ್ಯವನ್ನು ನಾವೇ ಮುಗಿಸಿಕೊಟ್ಟರೆ ಅವರ ಕಲಿಕೆಗೆ ಕತ್ತರಿ.

ಮಕ್ಕಳೊಂದಿಗೆ ಅಲ್ಲಿ ನೆಲೆಸಿದ ಕನ್ನಡದ ಹಿರಿಯರಿಗೂ ಇಂಥ ತರಗತಿಗಳು ನೆರವಾಗುತ್ತವೆ. ಅಮೆರಿಕದ ಪೌರತ್ವ ಪರೀಕ್ಷೆಯಲ್ಲಿ ಇಂಗ್ಲಿಷಿನ ಮೂರು ವಾಕ್ಯಗಳಲ್ಲಿ ಒಂದನ್ನಾದರೂ ಓದಬೇಕು, ಹಾಗೆಯೇ ಒಂದನ್ನು ಬರೆಯಬೇಕು. ನಿಮ್ಮ ಮಕ್ಕಳು ಅಲ್ಲಿದ್ದರೆ ಒಂದು ಮಾತು ಹೇಳಿ: ಅಪ್ಪ ಅಮ್ಮನ ಪರವಾಗಿ ಎಲ್ಲ ಕಡೆ ತಾವೇ ಮಾತಾಡುವುದನ್ನು ಬಿಟ್ಟು, ಹತ್ತಿರದ ತರಗತಿಗೆ ಅವರನ್ನು ಸೇರಿಸಲಿ.