ಚಿಪ್ಪಿನೊಳಗಿನ ಕಾವಲು

ವಡಗಾವಿಯಿಂದ ಖಾನಾಪುರದ ದಾರಿ ಹಿಡಿದು ಘಟ್ಟವಿಳಿದರೆ ಕಾರವಾರ. ಅಲ್ಲಿ ಕಾಳಿ ನದಿಯ ಅಳಿವೆಯ ಬಂಡೆಗಳಿಗೆ ಸಿಂಪಿಗಳು ಅಂಟಿಕೊಂಡಿವೆ. ಓಡಲಾರದ ಈ ಬಡಜೀವಿ ನೀರನ್ನು ಸೋಸಿ ಉಣ್ಣುವುದು. ಅನ್ನದೊಡನೆ ರೋಗಾಣುವೂ ಒಳಗೆ! ಆದರೆ ಅದರ ಬಣ್ಣವಿಲ್ಲದ ನೆತ್ತರಿನಲ್ಲಿ ಅಲೆಯುವ ಕಣಗಳು ರೋಗಾಣುವನ್ನು ಸುತ್ತುವರಿದು ನುಂಗಿ ಅರಗಿಸಿಬಿಡುತ್ತವೆ. ಇಂಥದೇ ನುಂಗುವಿಕೆಯನ್ನು 1882ರಲ್ಲಿ ಮೆಚ್ನಿಕಾಫರು ನಕ್ಷತ್ರಮೀನಿನ ಮರಿಯಲ್ಲಿ ಕಂಡಿದ್ದರು.

ನಮಗಿರುವ ಪ್ರತಿಕಾಯಗಳು ಸಿಂಪಿಗಿಲ್ಲ. ಆದುದರಿಂದ ಪ್ರತಿಕಾಯ ಹುಟ್ಟಿಸುವ ನಮ್ಮ ಲಸಿಕೆಯ ದಾರಿ ಅಲ್ಲಿ ನಡೆಯದು. 2008ರಲ್ಲಿ ಫ್ರಾನ್ಸಿನ ತೀರದಲ್ಲಿ ಎಳೆಯ ಸಿಂಪಿಗಳು ರಾಶಿರಾಶಿಯಾಗಿ ಸತ್ತವು. ಆ ರೋಗದ ವೈರಸ್ಸು ಹಿಡಿಯುವುದು ಈ ಕಾವಲುಗಾರ ಕಣಗಳನ್ನೇ! ಕಾವಲು ಕೆಟ್ಟ ಮೇಲೆ ಬ್ಯಾಕ್ಟೀರಿಯಗಳು ನುಗ್ಗಿ ಕೊಲ್ಲುತ್ತವೆ.

ಇನ್ನು, ಸಿಂಪಿಯನ್ನು ಬೇಯಿಸದೆ ತಿನ್ನುವವರೂ ಉಂಟು. ಅದು ಸೋಸಿಕೊಂಡ ರೋಗಾಣುಗಳೆಲ್ಲವೂ ಅಲ್ಲಿಯೇ ಸತ್ತಿರುವುದಿಲ್ಲವೆಂದು ಅವರಿಗೆ ಹೇಳಬೇಕು.