ಮಾತು ಮತ್ತು ದಫ್ತರ

(ವಿಶಾಖಪಟ್ಟಣದ ವಾಚನಾಲಯದಲ್ಲಿ ಮಾಡಿದ ಭಾಷಣ)



ಮಾತನಾಡುವ ಸ್ವಾತಂತ್ರ್ಯವನ್ನು ನಮ್ಮ ಸಂವಿಧಾನದ 19ನೆಯ ವಿಧಿ ಕೊಟ್ಟಿದೆ. ಆದರೆ ನಾವು ಆಡಿದ ಮಾತು, ಹೋದ ಸಭೆ, ಓದಿದ ಪತ್ರಿಕೆ ಇವನ್ನೆಲ್ಲ ಸರ್ಕಾರ ದಫ್ತರದಲ್ಲಿ ಬರೆದಿಡಬಹುದೆ? ಶಿಕ್ಷೆಯೇನೂ ಇಲ್ಲವಲ್ಲ, ಬರಿಯ ಬರೆಹದಿಂದ ಏನು ನಷ್ಟ ಎಂದು ಕೇಳುವವರುಂಟು. ಅವರಿಗೆ ಉತ್ತರ ಕೊಟ್ಟವರು ನಮ್ಮ ನೆರೆಯವರೇ ಒಬ್ಬರು.

ಇಲ್ಲಿಂದ ವಿಜಯವಾಡಕ್ಕೆ ರೈಲಿನಲ್ಲಿ ಹೋಗುವವರಿಗೆ ಗೋದಾವರಿಯ ದಡದಲ್ಲಿ ರಾಜಮಹೇಂದ್ರಿ ಸಿಗುತ್ತದೆ. ಕೋಕಾ ಸುಬ್ಬರಾಯರು ಆ ಊರಿನವರು. 1954ರಲ್ಲಿ ಗುಂಟೂರಿನಲ್ಲಿ ಆಂಧ್ರ ಹೈಕೋರ್ಟು ಆರಂಭವಾದಾಗ ಅದರ ಮೊದಲ ಮುಖ್ಯ ನ್ಯಾಯಾಧೀಶರಾಗಿ, ಮುಂದೆ ಸುಪ್ರೀಂ ಕೋರ್ಟಿಗೆ ಹೋದರು. ಅಲ್ಲಿ ಖರಕ್ ಸಿಂಗ್ ಎಂಬವರ ಮೊಕದ್ದಮೆ 1962ರಲ್ಲಿ ತೀರ್ಮಾನಕ್ಕೆ ಬಂದಿತು. 1941ರ ಒಂದು ದರೋಡೆ ಪ್ರಕರಣದಲ್ಲಿ ಸಾಕ್ಷ್ಯವಿಲ್ಲದೆ ಬಿಡುಗಡೆಯಾದವರು ಅವರು. ಆದರೂ ಉತ್ತರ ಪ್ರದೇಶದ ಪೊಲೀಸರು ಅವರ ಹೆಸರಿನಲ್ಲಿ 'ಹಿಸ್ಟರಿ ಷೀಟು' ತೆರೆದರು. ಸಹವಾಸ ಯಾರೊಡನೆ, ಆದಾಯವೆಷ್ಟು, ವೆಚ್ಚವೆಷ್ಟು, ಎಲ್ಲಿಗೆ ಹೋದರು ಎಂಬುದನ್ನೆಲ್ಲ ಬರೆದಿಡಲು ಪೊಲೀಸ್ ನಿಯಮದಲ್ಲಿ ಅವಕಾಶವಿತ್ತು. ಬಹುಮತದ ತೀರ್ಪು ರಾತ್ರಿ ಮನೆಗೆ ಬಂದು ನೋಡುವುದನ್ನು ಮಾತ್ರ ರದ್ದು ಮಾಡಿತು. ಸುಬ್ಬರಾಯರೂ ನ್ಯಾಯಮೂರ್ತಿ ಷಾ ಅವರೂ ಇಡೀ ನಿಯಮವೇ ಸಂವಿಧಾನಕ್ಕೆ ವಿರುದ್ಧವೆಂದರು. ಕಾವಲಿನ ನೆರಳಿನಲ್ಲಿ ಬಾಳುವವನ ಓಡಾಟವಾಗಲಿ ಮಾತಾಗಲಿ ಸ್ವತಂತ್ರವಾಗಿರಲಾರದು ಎಂಬುದು ಅವರ ವಾದ.

ಆ ಅಲ್ಪಮತ ಸುಮಾರು 55 ವರ್ಷ ಕಾಯಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಹಾಕಿದರು. ಅದರಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿದರು. ತೆಲುಗರೊಬ್ಬರು ಬಿತ್ತಿದ್ದನ್ನು ಕನ್ನಡಿಗರೊಬ್ಬರು ಕೊಯ್ದರು.

ಹಾಗೆಂದು ದಫ್ತರಗಳೇನೂ ಮುಚ್ಚಲಿಲ್ಲ. 2023ರ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯಿದೆಯ 17ನೆಯ ಕಲಮಿನಂತೆ ಕೇಂದ್ರ ಸರ್ಕಾರ ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಡಬಹುದು. ಅಮೆರಿಕದವರಾದರೋ 1974ರ ಕಾಯಿದೆಯಲ್ಲಿ ಒಂದು ನಿಚ್ಚಳವಾದ ಗೆರೆ ಎಳೆದರು. ಕಾನೂನಿನ ಅಪ್ಪಣೆ, ಆ ವ್ಯಕ್ತಿಯ ಒಪ್ಪಿಗೆ, ಇಲ್ಲವೆ ಅಧಿಕೃತ ಪೊಲೀಸ್ ಕಾರ್ಯದ ಅಗತ್ಯ, ಇವುಗಳಲ್ಲಿ ಒಂದಾದರೂ ಇಲ್ಲದೆ ಪ್ರಜೆ ತನ್ನ ವಾಕ್ ಸ್ವಾತಂತ್ರ್ಯವನ್ನು ಹೇಗೆ ಬಳಸಿದನೆಂದು ಕೇಂದ್ರದ ಇಲಾಖೆಗಳು ದಾಖಲೆ ಇಡಕೂಡದು. ನಮಗೂ ಅಂಥ ಕಲಮು ಬೇಕು.

ಪೊಲೀಸರಿಗೆ ದಫ್ತರವೇ ಬೇಡವೆಂದು ನಾನು ಹೇಳುತ್ತಿಲ್ಲ. ಕಳವಿಗೆ ದಾಖಲೆ ಇರಲಿ, ಅಭಿಪ್ರಾಯಕ್ಕೆ ಬೇಡ. ಬರೆದದ್ದನ್ನು ಆಗಾಗ ಪರಿಶೀಲಿಸಿ, ಬೇಡವಾದುದನ್ನು ತೆಗೆಯಲಿ.

ಕೊನೆಗೆ ನಮ್ಮ ಮನೆಯ ಮಾತು. ವಾಚನಾಲಯದ ರಿಜಿಸ್ಟರೂ ಒಂದು ದಫ್ತರವೇ. ಯಾರು ಯಾವ ಪುಸ್ತಕ ಒಯ್ದರೆಂಬ ಲೆಕ್ಕ ಪುಸ್ತಕ ಮರಳುವವರೆಗೆ ಸಾಕು. ಬಂದ ಮೇಲೆ ಹೆಸರನ್ನು ಓದಲಾಗದಂತೆ ಅಳಿಸಿಬಿಡೋಣ ಎಂದು ಕಾರ್ಯಕಾರಿ ಸಮಿತಿಯವರಲ್ಲಿ ನನ್ನ ಸೂಚನೆ. ಇಲ್ಲದ ದಾಖಲೆಯನ್ನು ಯಾರೂ ಕೇಳಿ ಪಡೆಯಲಾರರು.